ಹಿಕ್ಕೆ ಹುಡುಕುವ ಅತ್ತೆ

ಹಕ್ಕಿ ನೋಡಲು ಹೋಗಿ ಒಮ್ಮೆಯೂ ತಲೆ ಎತ್ತದೆ ಮನೆಗೆ ಬರುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಬರೀ ಕಂಡಿದ್ದೇನೆ ಎಂದರೆ ಕಡಿಮೆಯಾಯಿತು. ರಜೆ ಬಂದಾಗಲೆಲ್ಲ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಂಪಿ, ಸಂಡೂರು, ಡ್ಯಾಮಿನ ಹಿನ್ನೀರು ಅಂತ ಸುತ್ತಿಸಿದ್ದೇನೆ. ಆಕೆ ನನ್ನ ಸೋದರತ್ತೆ, ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಊರಿಗೆಲ್ಲ ಹಕ್ಕಿ ಎಂದರೆ ರೆಕ್ಕೆ, ಕೊಕ್ಕು, ಬಣ್ಣ. ನಮ್ಮ ಅತ್ತೆಗೆ ಹಕ್ಕಿ ಎಂದರೆ ಅದು ಹಾರಿಹೋದ ಮೇಲೆ ನೆಲದಲ್ಲಿ ಉಳಿಯುವ ಹಿಕ್ಕೆ.

ಅತ್ತೆಗೆ ಹೊಸಪೇಟೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ. ಕಾಡುಹಕ್ಕಿಗಳ ಹೊಟ್ಟೆಯಲ್ಲಿ ಯಾವ ಯಾವ ವೈರಸ್ಸು ಬಿಡಾರ ಹೂಡಿವೆ ಎಂದು ಪತ್ತೆ ಹಚ್ಚುವುದು, ಪತ್ತೆಯಾದದ್ದು ಯಾವ ಮನೆತನದ್ದು, ಯಾರಿಗೆ ಅಣ್ಣ, ಯಾರಿಗೆ ದೂರದ ಬೀಗ ಎಂದು ವಿಂಗಡಿಸಿ ಪಟ್ಟಿಗೆ ಸೇರಿಸುವುದು, ಇದು ಆಕೆಯ ಉದ್ಯೋಗ. ಮನೆ ಇರುವುದು ಕಂಪ್ಲಿಯಲ್ಲಿ. ಗಂಡ, ಅಂದರೆ ನಮ್ಮ ಮಾವ, ಅಕ್ಕಿ ಗಿರಣಿ ನಡೆಸುತ್ತಾರೆ. ಮೂರು ತಲೆಮಾರಿನಿಂದ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದ ಮನೆ. ಆ ಮನೆಯ ಸೊಸೆ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಬಸ್ಸು ಹತ್ತಿ ಹೋಗುವುದು ಹೆಬ್ಬಾತಿನ ಹಿಕ್ಕೆ ನೋಡಲಿಕ್ಕೆ! ಮೊದಲ ವರ್ಷ ಬೀಗರು ಕೇಳಿದರೆ ಮಾವ "ಬ್ಯಾಂಕಿನ್ಯಾಗ ಅದಾಳ" ಎಂದು ಹೇಳಿ ಪಾರಾಗುತ್ತಿದ್ದರಂತೆ.

ಚಳಿಗಾಲ ಬಂತೆಂದರೆ ಹಿನ್ನೀರಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳ ಹಿಂದೆಯೇ ಮೊಳದುದ್ದದ ಕ್ಯಾಮೆರಾ ಹೊತ್ತವರೂ ಬರುತ್ತಾರೆ. ಅವರೆಲ್ಲ ಉಸಿರು ಬಿಗಿಹಿಡಿದು ಹಕ್ಕಿ ನೋಡುವಾಗ ಅತ್ತೆ ಅವರ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಕ್ಕಿ ಎದ್ದು ಹೋಗಲೆಂದು ಕಾಯುತ್ತಾಳೆ. ಒಮ್ಮೆ ಒಬ್ಬ ಉತ್ಸಾಹಿ ತಾನು ತೆಗೆದ ಫೋಟೋ ತಂದು ತೋರಿಸಿದ. ಹೆಬ್ಬಾತು ರೆಕ್ಕೆ ಬಿಚ್ಚಿ ನೀರಿನಿಂದ ಏಳುತ್ತಿದೆ, ಒಂದೊಂದು ಹನಿಯೂ ಮುತ್ತು. ಅತ್ತೆ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ, ಬಾಲದ ಕೆಳಗೆ ಕಣ್ಣಿಟ್ಟು, "ಮಸ್ತ್ ಐತ್ರಿ. ಇದು ಏಳೋಕಿಂತ ಮುಂಚೆ ಎಲ್ಲಿ ಕುಂತಿತ್ತು?" ಎಂದು ಕೇಳಿದಳು. ಆತ ಮತ್ತೆ ನಮ್ಮ ಕಡೆ ಸುಳಿಯಲಿಲ್ಲ.

ಹಂಪಿಯಲ್ಲಿ ಆದದ್ದು ಇನ್ನೂ ಚೆಂದ. ಹೊಳೆ ದಂಡೆಯ ಬಂಡೆಯ ಮೇಲೆ ಅತ್ತೆ ಬಗ್ಗಿ, ಹತ್ತಿ ಸುತ್ತಿದ ಕಡ್ಡಿಯಿಂದ ಏನನ್ನೋ ಒರೆಸಿ ಪುಟ್ಟ ಕೊಳವೆಗೆ ಹಾಕುತ್ತಿದ್ದಳು. ವಿದೇಶದ ಪ್ರವಾಸಿಗರ ಗುಂಪೊಂದು ನಿಂತು ನೋಡಿತು. ಅವರ ಗೈಡು ಜಾಣ. ಗೊತ್ತಿಲ್ಲ ಎಂದರೆ ಅವನ ಮರ್ಯಾದೆ ಏನಾದೀತು? "ಈಕೆ ಬಂಡೆಗಳ ವಯಸ್ಸು ಕಂಡುಹಿಡಿಯುವ ದೊಡ್ಡ ವಿಜ್ಞಾನಿ" ಎಂದುಬಿಟ್ಟ. ಗುಂಪಿನಲ್ಲಿದ್ದ ಮುದುಕಿಯೊಬ್ಬರು ಭಕ್ತಿಯಿಂದ ಕೈಮುಗಿದು, ಇದರ ವಯಸ್ಸೆಷ್ಟು ಎಂದು ಗೈಡಿನ ಮೂಲಕ ಕೇಳಿಸಿದರು. ಅತ್ತೆ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು, "ಇವತ್ತು ಬೆಳಿಗ್ಗೇದು. ಇನ್ನಾ ಹಸಿ ಐತಿ" ಎಂದಳು. ಗೈಡು ಅದನ್ನು ಅವರಿಗೆ ಏನೆಂದು ಅನುವಾದಿಸಿದನೋ, ಎಲ್ಲರೂ ಚಪ್ಪಾಳೆ ತಟ್ಟಿದರು.

ಇನ್ನು ಬಸ್ಸಿನ ಕಥೆ. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ, ಇದು ಆಕೆಯ ದೊಡ್ಡ ಅಂಗವೈಕಲ್ಯ. ತೋರಣಗಲ್ಲಿನಲ್ಲಿ ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅತ್ತೆಯ ತೊಡೆಯ ಮೇಲೆ ಐಸು ತುಂಬಿದ ಡಬ್ಬಿ. ಪಕ್ಕದವ ಸುಮ್ಮನಿರಲಾರದೆ "ಏನೈತ್ರಿ ಅಕ್ಕಾರ ಅದ್ರಾಗ? ಮೀನೋ?" ಎಂದ. "ಅಲ್ಲಪಾ, ವೈರಸ್ ಇರಬಹುದು. ಇನ್ನಾ ನೋಡಿಲ್ಲ" ಎಂದಳು. ಮುಚ್ಚಳ ಮೂರು ಪದರದ್ದು, ಒಳಗೆ ಇರುವುದು ಸೋರುವುದಿಲ್ಲ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಮೂರು ಸಾಲು ಖಾಲಿ. ಆ ದಿನ ನಾನು ಹೊಸಪೇಟೆಯವರೆಗೆ ಕಾಲು ಚಾಚಿ ನಿದ್ದೆ ಮಾಡಿಕೊಂಡು ಬಂದೆ.

ಮನೆಯಲ್ಲಾದರೂ ನೆಮ್ಮದಿಯೇ? ಅತ್ತೆಯ ಲೋಕದಲ್ಲಿ ಒಂದು ವೈರಸ್ಸಿಗೆ ಹೆಸರಿಡುವಾಗ ಅದು ಸಿಕ್ಕ ಹಕ್ಕಿ, ಸಿಕ್ಕ ಊರು, ಮಾದರಿಯ ಸಂಖ್ಯೆ, ಸಿಕ್ಕ ವರ್ಷ ಎಲ್ಲವನ್ನೂ ಗೀಟು ಹಾಕಿ ಸಾಲಾಗಿ ಬರೆಯುತ್ತಾರಂತೆ. ಆ ಚಟ ಅಡುಗೆಮನೆಗೂ ಅಂಟಿತು. ಅಲ್ಲಿನ ಒಂದು ಡಬ್ಬಿಯ ಮೇಲೆ 'ಗುರೆಳ್ಳು ಪುಡಿ/ಸಂಡೂರು/ದೊಡ್ಡಕ್ಕ/2' ಎಂದಿದೆ. ಇನ್ನೊಂದರ ಮೇಲೆ 'ಶೇಂಗಾ ಪುಡಿ/ಮೂಲ ತಿಳಿದಿಲ್ಲ'. ಮೂಲ ತಿಳಿಯದ್ದನ್ನು ಆಕೆ ತಟ್ಟೆಗೆ ಹಾಕುವುದಿಲ್ಲ. "ನಮ್ಮನ್ಯಾಗ ಚಟ್ನಿಪುಡಿಗೆ ಇರೋ ಮನೆತನ ನನಗಿಲ್ಲಲೇ" ಎಂದು ಮಾವ ನನ್ನ ಬಳಿ ದುಃಖ ತೋಡಿಕೊಂಡಿದ್ದರು.

ಒಮ್ಮೆ ನಮ್ಮ ವಂಶಾವಳಿ ಓದಲು ಹೆಳವರು ಬಂದರು. ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು, ಮುತ್ತಜ್ಜನ ಮುತ್ತಜ್ಜ ಯಾವ ಊರು ಬಿಟ್ಟು ಯಾವ ಊರಿಗೆ ಬಂದ, ಎಷ್ಟು ಮಕ್ಕಳು, ಯಾವ ಕವಲು ಎಲ್ಲಿಗೆ ಹೋಯಿತು ಎಂದು ಓದಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುವವರು ಅವರು. ಉಳಿದವರು ಕೈಮುಗಿದು ಕೇಳಿದರೆ ಅತ್ತೆ ಪೆನ್ನು ಹಿಡಿದು ಕೂತಳು. ಒಂದು ಕವಲು ಇದೇ ಮನೆತನದ್ದೆಂದು ಹೇಗೆ ಹೇಳುತ್ತೀರಿ? ನಡುವೆ ಒಂದು ತಲೆಮಾರಿನ ಹೆಸರು ಸಿಗದಿದ್ದರೆ ಏನು ಮಾಡುತ್ತೀರಿ? ಹೆಳವಜ್ಜ ಮೊದಲು ಗಾಬರಿಯಾದ. ಆಮೇಲೆ ಆಕೆ ತನ್ನ ಲ್ಯಾಪ್‌ಟಾಪ್ ತೆರೆದು ವೈರಸ್ಸುಗಳ ಕವಲುಮರ ತೋರಿಸಿದಳು. ನಮ್ಮ ಹಿನ್ನೀರಿನ ಬಾತಿನಲ್ಲಿ ಸಿಕ್ಕದ್ದಕ್ಕೆ ಮಂಗೋಲಿಯಾದಲ್ಲಿ ಚಿಕ್ಕಪ್ಪ, ಬಂಗಾಳದಲ್ಲಿ ಅಕ್ಕನ ಮಕ್ಕಳು. ಅಜ್ಜ ಅದನ್ನು ಬಹಳ ಹೊತ್ತು ನೋಡಿ, "ಯವ್ವಾ, ನೀನೂ ನಮ್ಮಾಕಿನ ಬಿಡು. ಆದ್ರ ನಿಮ್ಮ ಮನೆತನದೋರು ದಕ್ಷಿಣಿ ಕೊಡಂಗಿಲ್ಲ ನೋಡು" ಎಂದು ಮರುಗಿದ.

ಇಷ್ಟೆಲ್ಲ ಹೇಳಿದರೂ ಆಕೆಯ ನಿಜವಾದ ಹುಚ್ಚು ಬೇರೆಯೇ. ಪೂರ್ತಿ ಗೊತ್ತಾಗುವವರೆಗೆ ಯಾವುದಕ್ಕೂ ಹೆಸರಿಡಬಾರದು, ಇದು ಆಕೆಯ ವ್ರತ. ನನಗೊಮ್ಮೆ ಜ್ವರ ಬಂದು, ಡಾಕ್ಟರು ವೈರಲ್ ಫೀವರ್ ಅಂದರು ಎಂದು ಹೇಳಿದೆ. ಅತ್ತೆ ಕೆಂಡವಾದಳು. "ವೈರಲ್ ಅಂದ್ರ ಹೆಸರೇನೋ ಅದು? ನೀ ಇಲ್ಲದಾಗ ಮನಿಗೆ ಯಾರೋ ಬಂದಿದ್ರು ಅಂದಂಗ ಆತು. ಯಾರು ಬಂದಿದ್ರು? ಬೀಗ್ರೋ, ಕಳ್ಳರೋ?" ನಾನು ನೂರಾಮೂರು ಡಿಗ್ರಿಯಲ್ಲಿ ಕಂಬಳಿ ಹೊದ್ದು ಆ ಪ್ರಶ್ನೆ ಕೇಳಿಸಿಕೊಂಡೆ. ಆಕೆಯ ಬಾಯಿಂದ ಒಂದು ಫಲಿತಾಂಶ ಹೊರಡಬೇಕಾದರೆ ಮೊದಲು ಕಾಗದ ಬರಬೇಕು, ಕಾಗದದ ಮೇಲೆ ಸಹಿ ಇರಬೇಕು. ನೆಂಟರಿಗೂ ಅಷ್ಟೆ, ಗಂಡನಿಗೂ ಅಷ್ಟೆ. ಒಮ್ಮೆ ಬಾಯಿತಪ್ಪಿ ಆಡಿದ ರೋಗದ ಹೆಸರನ್ನು ಮತ್ತೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಎಂದು ಆಕೆ ಹೇಳುತ್ತಿದ್ದಳು. ಅದು ಎಷ್ಟು ನಿಜ ಎಂಬುದು ನನಗೆ ಹೋದ ಜನವರಿಯಲ್ಲಿ ಎಮ್ಮಿಗನೂರಿನಲ್ಲಿ ಗೊತ್ತಾಯಿತು.

ಭತ್ತದ ಕಟಾವು ಮುಗಿದ ಮೇಲೆ ನಮ್ಮ ಕಡೆ ಆಂಧ್ರದಿಂದ ಬಾತು ಮೇಯಿಸುವವರು ಬರುತ್ತಾರೆ. ಕೊಯ್ದ ಗದ್ದೆಯಲ್ಲಿ ಉದುರಿದ ಕಾಳು, ಹುಳ, ಶಂಖದಹುಳು ತಿನ್ನುತ್ತ ಬಾತುಗಳ ಹಿಂಡು ಊರಿಂದೂರಿಗೆ ನಡೆಯುತ್ತದೆ. ಗದ್ದೆಗೆ ಗೊಬ್ಬರ, ಬಾತಿಗೆ ಊಟ. ಆ ವರ್ಷ ಎಮ್ಮಿಗನೂರಿನ ಗೌಡರೊಬ್ಬರ ಹೊಲದಲ್ಲಿ ಗಂಡ ಹೆಂಡತಿ ಇಬ್ಬರು ಬಲೆ ಕಟ್ಟಿ ಬಿಡಾರ ಹಾಕಿದ್ದರು. ಅವರ ಬದುಕೆಲ್ಲ ಆ ಹಿಂಡೇ. ಒಂದು ಬೆಳಿಗ್ಗೆ ಕಾಲುವೆ ಬದಿಯ ಜಾಲಿಗಿಡದ ಕೆಳಗೆ ಏಳೆಂಟು ಬೆಳ್ಳಕ್ಕಿ ಸತ್ತು ಬಿದ್ದವು. ಯಾರೋ ಫೋಟೋ ತೆಗೆದರು. ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲೂ 'ಹಕ್ಕಿ ಜ್ವರ', ತಂದದ್ದು ಬಾತು. ಹೆಸರು ಇಟ್ಟಾಗಿತ್ತು!

ಊರಿನವರು ಹಿಂಡನ್ನು ಹೊಡೆದುಕೊಂಡು ಹೋಗಿ ಎಂದರು. ಮುಂದಿನ ಊರಿನವರು ದಾರಿಗೆ ಮುಳ್ಳು ಹಾಕಿ, ನಮ್ಮ ಸೀಮೆಗೆ ಕಾಲಿಡಬೇಡಿ ಎಂದರು. ಪರೀಕ್ಷೆ ಮುಗಿಯುವವರೆಗೆ ಹಿಂಡು ಕದಲಬಾರದೆಂದು ಪಶುವೈದ್ಯರು ಹೇಳಿದರು. ಮಾದರಿ ತೆಗೆಯುವ ಕೆಲಸ ಅತ್ತೆಯ ಪಾಲಿಗೆ ಬಂತು. ಒಂದು ಪಾಲು ಆಕೆಯ ಪ್ರಯೋಗಾಲಯಕ್ಕೆ, ಇನ್ನೊಂದು ಪಾಲು ದೂರದ ದೊಡ್ಡ ಪ್ರಯೋಗಾಲಯಕ್ಕೆ. ಕೊನೆಯ ಮಾತು ಆ ದೊಡ್ಡವರದ್ದು.

ಬೆಳ್ಳಕ್ಕಿಗಳನ್ನು ಮೊದಲ ದಿನವೇ ಕಟ್ಟಿ ಒಯ್ದದ್ದಾಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಾತುಗಳ ಮಾದರಿಗೆ ಬರುತ್ತೇವೆಂದು ಫೋನ್ ಮಾಡಿದ್ದೆವು. ಹೋಗಿ ನೋಡಿದರೆ ಬಿಡಾರ ಮದುವೆ ಮನೆಯಂತಿದೆ! ಡಾಕ್ಟರಮ್ಮ ಬರುತ್ತಾರೆಂದು ಆ ಹೆಂಗಸು ಕತ್ತಲಿರುವಾಗಲೇ ಎದ್ದು, ಬಾತು ಮಲಗಿದ್ದ ಜಾಗವನ್ನೆಲ್ಲ ಗುಡಿಸಿ, ಸೆಗಣಿ ನೀರಿನಿಂದ ಸಾರಿಸಿ, ನಡುವೆ ರಂಗೋಲಿ ಹಾಕಿದ್ದಳು. ವಾಸನೆ ಬರಬಾರದೆಂದು ಅವಳ ಗಂಡ ಅಷ್ಟೂ ಬಾತುಗಳನ್ನು ಎರಡು ಮೈಲಿ ಆಚೆಯ ಗದ್ದೆಗೆ ಅಟ್ಟಿಕೊಂಡು ಹೋಗಿದ್ದ.

ಅತ್ತೆ ನೆಲ ನೋಡಿದಳು. ಹುಡುಕಿದರೂ ಒಂದು ಹಿಕ್ಕೆ ಇಲ್ಲ.

"ಎಂಥಾ ಕೆಲಸ ಮಾಡಿದ್ಯವ್ವಾ" ಎಂದಳು.

ಆ ಹೆಂಗಸು ಅದನ್ನು ಮೆಚ್ಚುಗೆ ಎಂದುಕೊಂಡು ನಾಚಿ, "ರಂಡಮ್ಮಾ, ಕೂರ್ಚೋಂಡಿ" ಎಂದು ತನ್ನ ತೆಲುಗಿನಲ್ಲಿ ಬನ್ನಿ, ಕೂರಿ ಎನ್ನುತ್ತ ಚಾಪೆ ಹಾಸಿದಳು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಬಾತುಗಳು ವಾಪಸ್ ಬಂದು, ಒಂದೊಂದನ್ನೇ ಹಿಡಿದು ಕಡ್ಡಿ ಆಡಿಸುವಷ್ಟರಲ್ಲಿ ಮಾದರಿ ಒಯ್ಯುವ ಗಾಡಿ ಹೊರಟುಹೋಗಿತ್ತು. ಒಂದು ದಿನ ತಪ್ಪಿತು. ಶನಿವಾರ ಬರಬೇಕಿದ್ದ ಕಾಗದ ನಡುವೆ ಭಾನುವಾರ ನುಂಗಿ ಸೋಮವಾರಕ್ಕೆ ಹೋಯಿತು. ಊರಿನವರು ಕೊಟ್ಟಿದ್ದ ಗಡುವು ಭಾನುವಾರದ್ದು.

ಗೌಡರು ಕೆಟ್ಟವರಲ್ಲ. ನಮ್ಮ ಮಾವನ ಗಿರಣಿಗೆ ಭತ್ತ ತರುವವರು, ಮೆತ್ತಗೆ ಮಾತಾಡುವವರು. ಅವರೂ ಹೆದರಿದ್ದರು. "ನೋಡ್ರಿ ಅಕ್ಕಾರ, ಮನ್ಯಾಗ ಸಣ್ಣ ಸಣ್ಣ ಹುಡುಗ್ರು ಅದಾವು. ಐತ್ವಾರದ ತನಕ ತಡೀತೀವಿ. ಆಮ್ಯಾಲ ಬಾತು ಹೂಳಾಕ ಗುಂಡಿ ತೋಡಿಸಿ ಇಟ್ಟೀವಿ" ಎಂದರು. ಹೊಲದ ಮೂಲೆಯಲ್ಲಿ ಜೆಸಿಬಿ ತೋಡಿದ ಗುಂಡಿ ನಿಜಕ್ಕೂ ಇತ್ತು. ಅದರ ಪಕ್ಕದಲ್ಲೇ ಬಾತುಗಳು ಏನೂ ತಿಳಿಯದೆ ಮಣ್ಣು ಕೆದಕುತ್ತಿದ್ದವು.

ಶನಿವಾರ ಸಂಜೆ ಅತ್ತೆಯ ಪ್ರಯೋಗಾಲಯದ ಪರೀಕ್ಷೆ ಮುಗಿಯಿತು. ಕಂಪ್ಲಿಗೆ ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ ಕೇಳಿದೆ.

"ಏನ್ ಬಂತು ಅತ್ತಿ?"

"ಪೇಪರ್ ಬರ್ಲಿ."

"ನನಗರ ಹೇಳು. ನಾ ಯಾರಿಗೂ ಹೇಳಂಗಿಲ್ಲ."

"ನೀ ಹೇಳ್ದಿದ್ರೂ ನಿನ್ನ ಮುಖ ಹೇಳ್ತೈತಿ. ಸುಮ್ನ ಗಾಡಿ ಹೊಡಿ."

ಮನೆಯಲ್ಲಿ ಮಾವ ರೊಟ್ಟಿ ಮುಂದಿಟ್ಟರೂ ಮುಟ್ಟಲಿಲ್ಲ. "ಅಲ್ಲ, ಮೂರು ಸಾವಿರ ಮೈಲಿ ಆಚೆ ಇರೋ ವೈರಸ್ಸಿನ ಚಿಕ್ಕಪ್ಪನ ಸುದ್ದಿ ಕೇಳದಿದ್ರೂ ಹೇಳ್ತಿ, ಇಲ್ಲೇ ಇರೋ ಬಾತಿನ ಸುದ್ದಿ ಕೇಳಿದ್ರೂ ಹೇಳಂಗಿಲ್ಲ" ಎಂದು ಅವರು ರೇಗಿದರು. ಅತ್ತೆ ಎದ್ದುಹೋದಳು. ಆಕೆಯ ಮೇಲೆ ನನಗೂ ಸಿಟ್ಟು ಬಂದಿತ್ತು. ಒಂದು ಮಾತಿನಿಂದ ಎರಡು ಜೀವ ನೆಮ್ಮದಿಯಿಂದ ಮಲಗುವುದಾದರೆ ಆ ವ್ರತ ಮುರಿದರೇನು? ಅಥವಾ ಸುದ್ದಿಯೇ ಕೆಟ್ಟದೋ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಕೂಟರ್ ತೆಗೆ ಎಂದಳು. ಹೊರಗೆ ಬಂದಾಗ ನೋಡಿದೆ, ಕೈಯಲ್ಲಿ ಐಸಿನ ಡಬ್ಬಿ ಇಲ್ಲ, ಗ್ಲೌಸ್ ಇಲ್ಲ. ಹಕ್ಕಿಯ ಜಾಗಕ್ಕೆ ಮೂಗು ಬಾಯಿ ಮುಚ್ಚದೆ ಕಾಲಿಡದ ಹೆಂಗಸು ಮಾಸ್ಕನ್ನೂ ಹಾಕಿಕೊಂಡಿರಲಿಲ್ಲ. ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ಬೀಗರ ಮನೆಗೆ ಹೊರಟವಳಂತೆ ಹೊರಟಿದ್ದಳು.

ಹೊಲದಲ್ಲಿ ಜನ ಸೇರಿದ್ದರು. ಗೌಡರು ಮುಂದೆ, ಉಳಿದವರು ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಹಿಂದೆ. ಬಲೆಯ ಒಳಗೆ ಗಂಡ ಹೆಂಡತಿ ಬಾತುಗಳ ನಡುವೆ ನಿಂತಿದ್ದರು. ಹೆಂಗಸಿನ ಕಣ್ಣು ಊದಿತ್ತು. ಅತ್ತೆ ಯಾರನ್ನೂ ನೋಡದೆ ಬಲೆ ಎತ್ತಿ ಒಳಗೆ ಹೋದಳು. ಬಾತುಗಳು ಗಲಾಟೆ ಮಾಡುತ್ತ ದಾರಿ ಬಿಟ್ಟವು. ನಡುವೆ ಇದ್ದ ಕಲ್ಲಿನ ಮೇಲೆ ಸೆರಗು ಸರಿಮಾಡಿಕೊಂಡು ಕೂತು, "ಚಾ ಮಾಡವ್ವಾ, ಹಸಿವಿ ಆಗೇತಿ. ರೊಟ್ಟಿ ಇದ್ರ ರೊಟ್ಟೀನೂ ಕೊಡು" ಎಂದಳು.

ಹೆಂಗಸು ಗಂಡನ ಮುಖ ನೋಡಿದಳು. ಮೂರು ಕಲ್ಲಿನ ಒಲೆ ಹೊತ್ತಿಸಿದಳು. ಚಹಾ ಬಂತು. ಒಂದು ತಟ್ಟೆಯಲ್ಲಿ ರೊಟ್ಟಿ, ಕೆಂಪು ಚಟ್ನಿ. ಮೂಲ ತಿಳಿಯದ ಚಟ್ನಿ! ಅತ್ತೆ ಅಷ್ಟು ಜನರ ಕಣ್ಣೆದುರು, ಬರಿಗೈಯಲ್ಲಿ, ಬಾತುಗಳು ಸೀರೆಯ ಅಂಚು ಎಳೆಯುತ್ತಿದ್ದರೂ, ನಿಧಾನವಾಗಿ ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿಂದಳು.

ಕೊನೆಗೆ ಗೌಡರೇ ಕೇಳಿದರು. "ಅಕ್ಕಾರ, ರಿಪೋರ್ಟ್ ಬಂತೇನ್ರಿ?"

"ಇಲ್ರೀ ಗೌಡ್ರ. ನಾಳೆ ಬರ್ತೈತಿ."

"ಮತ್ತ ನೀವು ಇಲ್ಲಿ..."

"ನಾ ಚಾ ಕುಡೀಯಾಕ ಬಂದೀನ್ರಿ. ಇವತ್ತು ಸೂಟಿ ಐತಲ್ಲ."

ಗೌಡರು ಆಕೆಯ ಬರಿಗೈ ನೋಡಿದರು. ಮಾಸ್ಕಿಲ್ಲದ ಮುಖ ನೋಡಿದರು. ಆ ರೋಗದ ವಿಷಯ ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವಳು ಆಕೆ ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಬಲೆ ಎತ್ತಿ, ಬಗ್ಗಿ ಒಳಗೆ ಬಂದು, ಅತ್ತೆಯಿಂದ ಸ್ವಲ್ಪ ದೂರ ಬದುವಿನ ಮೇಲೆ ಕೂತರು. "ನನಗೂ ಒಂದರ್ಧ ಕಪ್ಪು ಹಾಕವ್ವಾ" ಎಂದರು. ಜನ ಒಬ್ಬೊಬ್ಬರಾಗಿ ಮೂಗಿನ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಊರಿನ ಕಡೆ ನಡೆದರು. ಅತ್ತೆ ಹೊತ್ತು ಇಳಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಸೋಮವಾರ ಸಹಿಯ ಸಮೇತ ಕಾಗದ ಬಂತು. ಹಕ್ಕಿ ಜ್ವರ ಅಲ್ಲ. ಬಾತುಗಳಲ್ಲಿ ಸಿಕ್ಕದ್ದು ಯಾರಿಗೂ ತೊಂದರೆ ಕೊಡದ ಹಳೆಯ ಮನೆತನದ ಒಂದು ವೈರಸ್ಸು. ಅದಕ್ಕೆ ಅತ್ತೆ ಬಾತು, ಎಮ್ಮಿಗನೂರು ಎಂದು ಗೀಟು ಹಾಕಿ ಹೆಸರು ಬರೆದು ಪಟ್ಟಿಗೆ ಸೇರಿಸಿದಳು. ಬೆಳ್ಳಕ್ಕಿ ಸತ್ತದ್ದು ಏತಕ್ಕೆ, ಗದ್ದೆಗೆ ಹೊಡೆದ ಕ್ರಿಮಿನಾಶಕದ ಎಣ್ಣೆಯಿಂದ ಇರಬಹುದೇ ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ. ಅದನ್ನ ನೋಡಾಕ ಬ್ಯಾರೆ ಲ್ಯಾಬ್ ಐತಿ, ಕಳಿಸೀನಿ" ಎಂದಳು. ಮುಂದಿನ ಊರಿನವರು ಮುಳ್ಳು ತೆಗೆದರು, ಹಿಂಡು ಹೊರಟಿತು.

ಆದರೆ ನಾನು ಹೇಳಬೇಕಾದದ್ದು ಭಾನುವಾರ ಸಂಜೆಯದು. ಎಮ್ಮಿಗನೂರಿನಿಂದ ವಾಪಸ್ ಬರುವಾಗ ಕಾಲುವೆಯ ಸೇತುವೆ ಹತ್ತಿರ ಅತ್ತೆ ಗಾಡಿ ನಿಲ್ಲಿಸಲು ಹೇಳಿದಳು. ಇಳಿದು ಕಟ್ಟೆಯ ಮೇಲೆ ಕೂತಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಅಂತೂ ವ್ರತ ಮುರಿದಿ ಅತ್ತಿ" ಎಂದೆ, ನಗಿಸಲೆಂದು.

"ನಾ ಏನರ ಅಂದೆನೇನು?"

"ಅನ್ನಲಿಲ್ಲ. ಆದ್ರ ಊರಿಗೆಲ್ಲ ಹೇಳ್ದಿ. ನಿನ್ನ ಮಷೀನು ತಪ್ಪು ಹೇಳಿದ್ರ?"

"ಹೇಳಬಹುದು. ಅದಕ್ಕ ಅಲ್ಲೇನು ಎರಡನೇ ಲ್ಯಾಬಿಗೆ ಕಳಿಸೋದು."

ನಾನು ದಂಗಾದೆ. "ಮತ್ತ ಹೆದರಿಕಿ ಆಗ್ಲಿಲ್ಲೇನು ನಿನಗ?"

ಅತ್ತೆ ಕಾಲುವೆಯ ನೀರು ನೋಡುತ್ತ ಕೂತಿದ್ದಳು. "ಆತು. ಭಾಳ ಆತು. ಆದ್ರ ಆಕಿ ನಾಕು ದಿನದಿಂದ ಅಲ್ಲೇ ಹೆದರಿಕೊಂತ ಕುಂತಿದ್ಲು. ಮನಿ ಸಾರಿಸಿ ರಂಗೋಲಿ ಹಾಕಿ ನನ್ನ ಕರದಾಕಿ. ಇವತ್ತೊಂದಿನ ಆಕಿ ಜೋಡಿ ಯಾರರ ಹೆದರಿಕೊಂತ ಕುಂದ್ರಬೇಕಿತ್ತಪಾ."

ಇಷ್ಟು ವರ್ಷ ಈ ಹೆಂಗಸಿನ ಮೇಲೆ ಎಷ್ಟು ನಗೆಚಾಟಿಕೆ ಕಟ್ಟಿ ಊರಿಗೆ ಹಂಚಿದ್ದೇನೆ ಎಂದು ನೆನೆದು ಕಣ್ಣು ತುಂಬಿತು. ಸ್ಕೂಟರ್ ಚಾಲೂ ಮಾಡಿದೆ. ಯಾವಾಗಲೂ ಹಿಂದಿನ ಕಂಬಿ ಹಿಡಿದು ನೆಟ್ಟಗೆ ಕೂರುವ ಅತ್ತೆ ಅಂದು ನನ್ನ ಹೆಗಲು ಹಿಡಿದುಕೊಂಡಳು. ಕಂಪ್ಲಿ ಬರುವವರೆಗೂ ನಾನು ಗಾಡಿಯನ್ನು ಮೆಲ್ಲಗೆ ಹೊಡೆದೆ.